ಹಳೆಯ ಕೊಳವೆ, ಹೊಸ ಉಸಿರು

ಹಾರ್ಮೋನಿಯಂ ನಮ್ಮ ಭಜನೆಗಳಿಗೆ ಒಗ್ಗಿಹೋದ ವಾದ್ಯ. ತಿದಿಯನ್ನು ಬಿರುಸಾಗಿ ಒತ್ತಿದರೆ ನಾದ ಏರುತ್ತದೆ, ಮೆಲ್ಲಗೆ ಒತ್ತಿದರೆ ಇಳಿಯುತ್ತದೆ. ಯೂರೋಪಿನ ಚರ್ಚುಗಳ ಪೈಪ್ ಆರ್ಗನ್ನಿಗೆ ಈ ಅನುಕೂಲವಿಲ್ಲ. ಅಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆಯಾದರೆ ಕೊಳವೆಗಳ ಶ್ರುತಿಯೇ ಕೆಡುತ್ತದೆ. ಆದುದರಿಂದ ಗಾಳಿಯೂ ಒಂದೇ ಸಮ, ನಾದವೂ ಒಂದೇ ಸಮ. ಸದ್ದು ಹೆಚ್ಚಬೇಕಾದರೆ ಇನ್ನೊಂದು ಸಾಲು ಕೊಳವೆಗಳನ್ನು ಕೂಡಿಸಬೇಕು. ಅದು ಮೆಟ್ಟಿಲೇರಿದಂತೆಯೇ ಹೊರತು ಅಲೆ ಎದ್ದಂತಲ್ಲ.

ಈ ದೈತ್ಯವಾದ್ಯಕ್ಕೆ ಏರಿಳಿತವನ್ನು ಕಲಿಸಿದವರಲ್ಲಿ ಪ್ರಮುಖರು ಫ್ರಾನ್ಸಿನ ಅರಿಸ್ತೀದ್ ಕವಾಯೆ-ಕೋಲ್ (1811–1899). ಪ್ಯಾರಿಸ್ಸಿನ ಸ್ಯಾಂ ಸುಲ್ಪೀಸ್ ಚರ್ಚಿನಲ್ಲಿ 1862ರಲ್ಲಿ ಅವರು ಮುಗಿಸಿದ ಆರ್ಗನ್ನಿಗೆ ಐದು ಕೈಮನೆಗಳ ಸಾಲು, ಕಾಲಿನಿಂದ ನುಡಿಸುವ ಸಾಲೊಂದು, ಬಗೆಬಗೆಯ 100 ನಾದಗಳು.

ಅವರು ಮಾಡಿದ್ದೇನು? ಒಂದು ತಂಡದ ಕೊಳವೆಗಳನ್ನು ದೊಡ್ಡ ಮರದ ಪೆಟ್ಟಿಗೆಯೊಳಗಿಟ್ಟು, ಅದಕ್ಕೆ ಕಿಟಕಿಯ ಜಾಲರಿಯಂತಹ ಹಲಗೆಗಳನ್ನು ಜೋಡಿಸಿದರು. ವಾದಕ ಕಾಲಿನಿಂದ ಅವನ್ನು ತೆರೆದಂತೆ ನಾದ ಅರಳುತ್ತದೆ, ಮುಚ್ಚಿದಂತೆ ಅಡಗುತ್ತದೆ. ತಾರಸ್ಥಾಯಿಯಲ್ಲಿ ಸ್ವರ ಸೊರಗದಂತೆ ಅಲ್ಲಿಗೆ ಹೆಚ್ಚು ಒತ್ತಡದ ಗಾಳಿಯನ್ನು ಹಾಯಿಸಿದರು. ಕೆಲವು ಕೊಳಲುಗಳನ್ನು ಇಮ್ಮಡಿ ಉದ್ದಕ್ಕೆ ಮಾಡಿ ನಡುವೆ ಸಣ್ಣ ರಂಧ್ರವಿಟ್ಟರು. ಅದರಿಂದ ಸ್ವರ ಒಂದು ಸ್ಥಾಯಿ ಮೇಲಕ್ಕೆ ನೆಗೆದು ತುಂಬಿ ನುಡಿಯುತ್ತದೆ. ಹಲವು ಸಾಲುಗಳನ್ನು ಒಟ್ಟಿಗೆ ಕೂಡಿಸಿದಾಗ ಮನೆಗಳು ಬೆರಳಿಗೆ ಬಲು ಭಾರವಾಗುತ್ತವಷ್ಟೆ. ಅದಕ್ಕೆ ಇಂಗ್ಲೆಂಡಿನ ಚಾರ್ಲ್ಸ್ ಬಾರ್ಕರ್ ಕಂಡುಹಿಡಿದ ಪುಟ್ಟ ತಿದಿಗಳ ಸಹಾಯ ಪಡೆದರು. ಬೆರಳು ಸೂಚನೆ ಕೊಟ್ಟರೆ ಸಾಕು, ದುಡಿಯುವುದು ಗಾಳಿ!

ಇದೆಲ್ಲ ಜಾಣ್ಮೆಯ ಮಾತಾಯಿತು. ಆದರೆ ನಮ್ಮ ಮನಸ್ಸನ್ನು ಸೆಳೆಯುವುದು ಬೇರೊಂದು ಸಂಗತಿ. ಅದೇ ಜಾಗದಲ್ಲಿ 1781ರಲ್ಲಿ ಕ್ಲಿಕೋ ಎಂಬ ಹಿರಿಯ ಕುಶಲಿ ಕಟ್ಟಿದ ಆರ್ಗನ್ ಇತ್ತು. ಹೊಸತನ್ನು ಕಟ್ಟುವವರು ಹಳೆಯದನ್ನೆಲ್ಲ ಕರಗಿಸಿಬಿಡಬಹುದಾಗಿತ್ತು. ಕವಾಯೆ-ಕೋಲ್ ಹಾಗೆ ಮಾಡಲಿಲ್ಲ. ಕ್ಲಿಕೋ ಅವರ ಕೊಳವೆಗಳಲ್ಲಿ ಬಹಳಷ್ಟನ್ನು ಉಳಿಸಿಕೊಂಡು, ಅವುಗಳ ಸುತ್ತ ತಮ್ಮ ಹೊಸ ನಾದಗಳನ್ನು ಹೆಣೆದರು. ಹಳಬರ ದನಿಗೆ ಹೊಸ ಉಸಿರು ಬಂತು.

ಈ ಆರ್ಗನ್ನಿನ ಮುಂದೆ 1870ರಿಂದ 1933ರವರೆಗೆ ಕುಳಿತವರು ಷಾರ್ಲ್-ಮಾರಿ ವಿಡೋರ್. ಸಿಂಫನಿ ಎಂದರೆ ವಾದ್ಯವೃಂದವೇ ನುಡಿಸಬೇಕಾದ ದೀರ್ಘ ಕೃತಿ ಎಂಬುದು ರೂಢಿ. ವಿಡೋರ್ ಒಂಟಿ ಆರ್ಗನ್ನಿಗಾಗಿಯೇ ಅಂತಹ ಹತ್ತು ಕೃತಿಗಳನ್ನು ರಚಿಸಿದರು. ವಾದ್ಯ ಬೆಳೆದುದರಿಂದ ಸಂಗೀತವೂ ಬೆಳೆಯಿತು.

ಆ ಆರ್ಗನ್ ಹೆಚ್ಚು ಮಾರ್ಪಾಡಿಲ್ಲದೆ ಇಂದಿಗೂ ನುಡಿಯುತ್ತಿದೆ. ಅಲ್ಲಿ ಕೇಳುವವರ ಕಿವಿಗೆ ಎರಡು ಶತಮಾನಗಳ ಕುಶಲಿಗಳು ಒಂದೇ ಉಸಿರಿನಲ್ಲಿ ಹಾಡುತ್ತಾರೆ. ಹಿರಿಯರ ಸೊತ್ತನ್ನು ಉಳಿಸಿಕೊಳ್ಳುವುದೆಂದರೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದಲ್ಲ, ದಿನವೂ ನುಡಿಸುವುದು ಎಂಬ ಪಾಠವನ್ನು ನಾವೂ ಇದರಿಂದ ಕಲಿಯಬಹುದಲ್ಲವೆ?