ವರ ದೊಡ್ಡದೋ, ಪ್ರೀತಿ ದೊಡ್ಡದೋ?

ಕ್ರೈಸ್ತರ ಮದುವೆಗಳಲ್ಲಿ ಬೈಬಲ್ಲಿನ ಒಂದು ಅಧ್ಯಾಯವನ್ನು ಓದುವ ರೂಢಿ ಹಲವೆಡೆ ಇದೆ. ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ 13ನೇ ಅಧ್ಯಾಯ ಅದು. ಪ್ರೀತಿಯ ಗುಣಗಳನ್ನು ಒಂದೊಂದಾಗಿ ಹೇಳುವ ಆ ಮಾತುಗಳು ವಧೂವರರಿಗೆಂದೇ ಬರೆದವು ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಅವು ಹುಟ್ಟಿದ್ದು ಮದುವೆಯ ಮನೆಯಲ್ಲಲ್ಲ, ಜಗಳದ ಮನೆಯಲ್ಲಿ.

ಕೊರಿಂಥ ಗ್ರೀಸಿನ ಎರಡು ಕಡಲುಗಳ ನಡುವಿನ ಕಿರಿದಾದ ನೆಲದ ಪಟ್ಟಿಯ ಬಳಿ ಇದ್ದ ವ್ಯಾಪಾರದ ಪಟ್ಟಣ. ರೋಮನ್ನರು ಕ್ರಿ.ಪೂ. 146ರಲ್ಲಿ ಅದನ್ನು ನೆಲಸಮ ಮಾಡಿದ್ದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನು ರೋಮನ್ ವಸಾಹತಾಗಿ ಮತ್ತೆ ನೆಲೆಗೊಳಿಸಿದ. ಬಿಡುಗಡೆ ಪಡೆದ ಗುಲಾಮರು, ವರ್ತಕರು, ನಾವಿಕರು ಬಂದು ಸೇರಿದ ಈ ಹೊಸ ಊರಿನಲ್ಲಿ ಹಣಕ್ಕೂ ಹೆಸರಿಗೂ ಪೈಪೋಟಿ ಇತ್ತು. ಕ್ರಿ.ಶ. 50ರ ಸುಮಾರಿಗೆ ಬಂದ ಪೌಲ ಇಲ್ಲಿ ಒಂದೂವರೆ ವರ್ಷ ನಿಂತು ಸಭೆ ಕಟ್ಟಿದ. ಅವನು ಹೊರಟುಹೋದ ಮೇಲೆ ಊರಿನ ಗುಣ ಸಭೆಯನ್ನೂ ಹೊಕ್ಕಿತು. ಗುಂಪುಗಳು ಹುಟ್ಟಿದವು. ಪ್ರಭುಭೋಜನದಲ್ಲೇ ಉಳ್ಳವರು ಉಂಡು ತೇಗಿದರೆ ಬಡವರು ಹಸಿದು ಕೂರುವ ಸ್ಥಿತಿ ಬಂತು.

ಇದೇ ಪೈಪೋಟಿ ಪವಿತ್ರಾತ್ಮನ ವರಗಳಿಗೂ ತಟ್ಟಿತು. ಜ್ಞಾನ, ವಿವೇಕ, ನಂಬಿಕೆ, ರೋಗ ವಾಸಿಮಾಡುವ ಶಕ್ತಿ, ಪ್ರವಾದನೆ ಮುಂತಾಗಿ ಒಂಬತ್ತು ವರಗಳನ್ನು ಪೌಲ 12ನೇ ಅಧ್ಯಾಯದಲ್ಲಿ ಹೆಸರಿಸುತ್ತಾನೆ. ಇವುಗಳಲ್ಲಿ ಹೆಚ್ಚು ಮೆರೆದದ್ದು ಅನ್ಯಭಾಷೆ, ಅಂದರೆ ಭಕ್ತಿಯ ಆವೇಶದಲ್ಲಿ ಕೇಳುವವರಿಗೆ ಅರ್ಥವಾಗದ ನುಡಿಯಲ್ಲಿ ಉದ್ಗರಿಸುವುದು. ಪೌಲನ ಪಟ್ಟಿಯಲ್ಲಾದರೋ ಅದೂ ಅದರ ಅರ್ಥ ಹೇಳುವ ವರವೂ ಕೊನೆಯಲ್ಲಿವೆ. ಕಣ್ಣು, ಕೈ, ಕಾಲುಗಳೆಲ್ಲ ಸೇರಿ ಒಂದು ದೇಹವಾದಂತೆ ಸಭೆಯೂ ಒಂದು ದೇಹ. ಬಲಹೀನವೆಂದು ಕಾಣುವ ಅಂಗವೇ ಹೆಚ್ಚು ಬೇಕಾದದ್ದು ಎಂಬುದು ಅವನ ವಾದ.

ವರಗಳ ಚರ್ಚೆಯ ನಡುವೆ ಪ್ರೀತಿಯ ಅಧ್ಯಾಯ ಬಂದು ನಿಲ್ಲುವುದು ಇದಕ್ಕಾಗಿಯೇ. ಅದು ಮುಗಿಯುತ್ತಲೇ 14ನೇ ಅಧ್ಯಾಯದ ಆರಂಭದಲ್ಲಿ ಪೌಲ ಎರಡನ್ನೂ ಬಯಸಲು ಹೇಳುತ್ತಾನೆ: ಪ್ರೀತಿಯನ್ನೂ ವರಗಳನ್ನೂ. ಆದರೆ ಪ್ರೀತಿಗೆ ಬಳಸಿದ ಗ್ರೀಕ್ ಕ್ರಿಯಾಪದಕ್ಕೆ ಬೆನ್ನಟ್ಟುವುದು ಎಂಬ ಅರ್ಥವಿದೆ. ಹಿಂದೆ ತಾನು ಕ್ರೈಸ್ತರನ್ನು ಹಿಂಸಿಸುತ್ತಿದ್ದುದನ್ನು ಹೇಳುವಾಗಲೂ ಪೌಲ ಬಳಸಿದ್ದು ಅದೇ ಪದವನ್ನು. ಅಂದು ಮನುಷ್ಯರನ್ನು ಬೆನ್ನಟ್ಟಿದಷ್ಟೇ ಹಟದಿಂದ ಈಗ ಪ್ರೀತಿಯನ್ನು ಬೆನ್ನಟ್ಟಬೇಕಿತ್ತು.

ಪೌಲ ಅನ್ಯಭಾಷೆಯನ್ನು ನಿಷೇಧಿಸಲಿಲ್ಲ; ತಾನು ಅದನ್ನು ಎಲ್ಲರಿಗಿಂತ ಹೆಚ್ಚಾಗಿ ಆಡುವವನೆಂದೇ ಹೇಳಿಕೊಂಡ. ಅವನು ಒಡ್ಡಿದ ಒರೆಗಲ್ಲು ಒಂದೇ: ವರದಿಂದ ಪಕ್ಕದವನಿಗೆ ಪ್ರಯೋಜನವಾಯಿತೇ? ಹೆಚ್ಚೆಂದರೆ ಇಬ್ಬರು ಮೂವರು, ಅದೂ ಒಬ್ಬರಾದ ಮೇಲೊಬ್ಬರು ಮಾತನಾಡಬೇಕು. ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಬೇಕು.

ಜಗಳ ಅಲ್ಲಿಗೇ ಮುಗಿಯಲಿಲ್ಲ. ಎರಡನೆಯ ಶತಮಾನದಲ್ಲಿ ಫ್ರಿಜಿಯ ಪ್ರಾಂತದ ಮೊಂಟಾನಸ್ ಮತ್ತು ಅವನೊಂದಿಗಿದ್ದ ಇಬ್ಬರು ಪ್ರವಾದಿನಿಯರ ಚಳವಳಿಯನ್ನು ಸಭೆ ತಳ್ಳಿಹಾಕಿತು. ವರಗಳು ಅಪೊಸ್ತಲರ ಕಾಲಕ್ಕೇ ಮುಗಿದವೆಂಬ ವಾದವೂ ಮುಂದೆ ಬಲಗೊಂಡಿತು. 1906ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಅಝೂಸಾ ಬೀದಿಯಲ್ಲಿ, ಗುಲಾಮಗಿರಿ ಕಂಡಿದ್ದ ತಂದೆತಾಯಿಗಳ ಮಗ ವಿಲಿಯಂ ಸೀಮೋರ್ ನಡೆಸಿದ ಪ್ರಾರ್ಥನೆಗಳಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಮೊಣಕಾಲೂರಿದರು. ಪೆಂಟೆಕೊಸ್ಟಲ್ ಪಂಥ ಲೋಕದ ಉದ್ದಗಲಕ್ಕೂ ಹರಡಲು ಅದು ದೊಡ್ಡ ಕಾರಣವಾಯಿತು.

ಅದಕ್ಕೂ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆ ಬಳಿಯ ಕೇಡಗಾಂವ್‌ನಲ್ಲಿ ಇಂಥದೇ ಉಜ್ಜೀವನ ಕಾಣಿಸಿಕೊಂಡಿತ್ತು. ಅಲ್ಲಿನ ಮುಕ್ತಿ ಆಶ್ರಮವನ್ನು ಕಟ್ಟಿದವರು ಪಂಡಿತಾ ರಮಾಬಾಯಿ. ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಅವರು ಕ್ಷಾಮಕ್ಕೆ ಸಿಕ್ಕ ನೂರಾರು ಹೆಣ್ಣುಮಕ್ಕಳಿಗೆ, ವಿಧವೆಯರಿಗೆ ಅಲ್ಲಿ ನೆರಳು ಕೊಟ್ಟಿದ್ದರು. ಆ ಹುಡುಗಿಯರು ಅತ್ತು, ಕೂಗಿ ಪ್ರಾರ್ಥಿಸತೊಡಗಿದಾಗ, ಮುಂದೆ ಕೆಲವರು ಅನ್ಯಭಾಷೆಯನ್ನೂ ಆಡಿದಾಗ, ಇದು ಬರಿಯ ಉನ್ಮಾದವೆಂದು ಟೀಕಿಸಿದವರಿದ್ದರು. ರಮಾಬಾಯಿ ಹುಡುಗಿಯರ ಬಾಯಿ ಮುಚ್ಚಿಸಲಿಲ್ಲ. ಅನ್ಯಭಾಷೆಯೇ ಆತ್ಮನಿಗೆ ಸಾಕ್ಷಿ ಎಂದೂ ಒಪ್ಪಲಿಲ್ಲ. ವರಗಳನ್ನು ತಳ್ಳಿಹಾಕಬಾರದು, ಆದರೆ ಆತ್ಮ ಬಂದುದಕ್ಕೆ ಬೇಕಾದ ಗುರುತು ಪ್ರೀತಿಯೇ ಎಂಬುದು ಅವರ ನಿಲುವಾಗಿತ್ತು.

ವರಗಳು ನಿಂತುಹೋದವೆಂಬವರೂ ಇಂದಿಗೂ ಇವೆಯೆಂಬವರೂ ಈಗಲೂ ವಾದಿಸುತ್ತಾರೆ. ಇಬ್ಬರೂ ತೆರೆದು ತೋರಿಸುವುದು ಪೌಲನ ಇದೇ ಪತ್ರವನ್ನು. ಎದುರಾಳಿಯ ಮಾತನ್ನು ಯಾವ ಮನಸ್ಸಿನಿಂದ ಕೇಳಬೇಕೆಂಬುದೂ ಅದೇ ಪತ್ರದ ನಡುವಿನ ಅಧ್ಯಾಯದಲ್ಲಿದೆ.