ಎರೆನಾಡಿನ ಅಂಗಳದ ಒಲೆ

ಅಡುಗೆಮನೆಯೊಳಗಿನ ಮಣ್ಣಿನ ಒಲೆ ಹೋದಷ್ಟು ಬೇಗ ಅಂಗಳದ ಒಲೆ ಹೋಗಲಿಲ್ಲ. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ದೇವರ ಹಿಪ್ಪರಗಿಯ ಓಣಿಗಳಲ್ಲೂ ಸುತ್ತಲಿನ ಸಿಂದಗಿ, ಇಂಡಿ, ಬಸವನಬಾಗೇವಾಡಿ, ಮುದ್ದೇಬಿಹಾಳ ಕಡೆಯ ಹಳ್ಳಿಗಳಲ್ಲೂ ಚಹಾ, ಅನ್ನ, ಸಾರು ಹೆಚ್ಚು ಹೆಚ್ಚಾಗಿ ಗ್ಯಾಸಿಗೆ ಬಂದವು. ಆದರೆ ಚಳಿಗಾಲದ ಸ್ನಾನದ ಹಂಡೆ, ಹಬ್ಬದ ಹೂರಣ, ರಾವುತರಾಯನ ಜಾತ್ರೆಗೆ ಬೀಗರು ಬಂದಾಗ ರಾಶಿ ರಾಶಿ ಬಡಿಯುವ ರೊಟ್ಟಿ, ಇವೆಲ್ಲ ಈಗಲೂ ಹೊರಗಿನ ಒಲೆಯ ಕೆಲಸಗಳೇ. ಈ ಒಲೆಯನ್ನು ಬಡತನದ ಉಳಿಕೆ ಎಂದು ಕಿತ್ತು ಹಾಕುವವರಿದ್ದಾರೆ. ತೋಟದ ಮನೆಗೆ ಹಳ್ಳಿಯ ಸೊಗಡು ಬರಲಿ ಎಂದು ದುಡ್ಡು ಕೊಟ್ಟು ಕಟ್ಟಿಸುವವರೂ ಇದ್ದಾರೆ. ಇಬ್ಬರೂ ಎಡವುವುದು ಒಂದೇ ಕಡೆ. ಗಟ್ಟಿಯಾಗಿದ್ದಷ್ಟೂ ಒಲೆ ಒಳ್ಳೆಯದು ಎಂಬುದು ಇಬ್ಬರ ನಂಬಿಕೆ. ಈ ಸೀಮೆಯ ಮಣ್ಣು, ಉರುವಲು, ಮಳೆ ಮೂರನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಇಲ್ಲಿ ಬಾಳಿಕೆ ಬರುವುದು ಮೆತ್ತನೆಯ ಒಲೆ: ಬಿರುಕು ಬಿಟ್ಟರೆ ಅದೇ ಮಣ್ಣಿನಿಂದ ಮೆತ್ತಿ, ಆರಿದ ಮೇಲೆ ಮತ್ತೆ ಉರಿ ಹಚ್ಚಬಹುದಾದ ಒಲೆ.

ಮೊದಲು ಮಣ್ಣಿನ ಮಾತು. ಡೋಣಿ ನದಿಯ ಎರಡೂ ದಂಡೆಗೆ ಹಬ್ಬಿರುವ ಎರೆಭೂಮಿ ಬಿಳಿಜೋಳಕ್ಕೆ ತಾಯಿ ಇದ್ದ ಹಾಗೆ. ಒಲೆಗೆ ಮಾತ್ರ ಅದೊಂದನ್ನೇ ನಂಬುವಂತಿಲ್ಲ. ದಖನ್ನಿನ ಕರಿಕಲ್ಲು ಸವೆದು ಆದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಹೆಚ್ಚು. ಅದರ ಪದರ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಬೇಸಿಗೆಯ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು ಬೀಳುವುದು ಇದರಿಂದಲೇ. ಬರೀ ಎರೆಮಣ್ಣಿನಲ್ಲಿ ಕಟ್ಟಿದ ಒಲೆ ಬೆಂಕಿ ಕಾಣುವ ಮೊದಲೇ, ನೆರಳಲ್ಲಿ ಆರುವಾಗಲೇ ಸೀಳುತ್ತದೆ. ಹಾಗಾಗಿ ಅನುಭವಸ್ಥರು ಮಸಾರಿ ಹೊಲದ ಕೆಂಪು ಮಣ್ಣು, ಹುತ್ತದ ಮಣ್ಣು, ಇಲ್ಲವೇ ಬಿದ್ದ ಮನೆಗಳ ಹಾಳಮಣ್ಣು ತಂದು, ಅಂಟು ಬರುವಷ್ಟು ಮಾತ್ರ ಎರೆಮಣ್ಣು ಕೂಡಿಸುತ್ತಾರೆ. ಹಾಳಮಣ್ಣಿನ ಗುಣ ಈ ಸೀಮೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಹೊಸದಲ್ಲ. ಅದು ಒಮ್ಮೆ ಗೋಡೆಯಾಗಿ, ಮೇಲ್ಮುದ್ದೆಯಾಗಿ ನೆನೆದು ಆರಿದ ಮಣ್ಣು. ಅದರಲ್ಲಿ ಬೂದಿ, ಹೊಟ್ಟು, ಮರಳು ಆಗಲೇ ಬೆರೆತಿರುತ್ತವೆ. ದೂರ ಇಡಬೇಕಾದದ್ದು ಸವಳು. ದೇವರ ಹಿಪ್ಪರಗಿ ಮಡಿವಾಳ ಮಾಚಿದೇವರ ಹುಟ್ಟೂರು. ಬಟ್ಟೆಯನ್ನು ಉಬ್ಬೆಗೆ ಹಾಕುವ ಮಡಿವಾಳ ಕಾಯಕಕ್ಕೆ ಬೇಕಾಗುತ್ತಿದ್ದ ಸವಳು ಒಲೆ ಕಟ್ಟುವವರಿಗೆ ಶತ್ರು. ಡೋಣಿಯ ನೀರಿನಲ್ಲೂ ಅದರ ಆಸುಪಾಸಿನ ತಗ್ಗು ನೆಲದಲ್ಲೂ ಉಪ್ಪಿನ ಅಂಶ ಹೆಚ್ಚು. ಆ ಮಣ್ಣಿನ ಒಲೆಯಲ್ಲಿ ಉಪ್ಪು ಮೇಲ್ಮೈಗೆ ಬಂದು ಹರಳುಗಟ್ಟಿ, ಸಾರಿಸಿದ ಪದರನ್ನು ಹಕ್ಕಳೆಯಾಗಿ ಎಬ್ಬಿಸುತ್ತದೆ. ಮಣ್ಣಿನ ಒಂದು ಉಂಡೆ ಕಟ್ಟಿ ನಾಲ್ಕಾರು ದಿನ ನೆರಳಲ್ಲಿಟ್ಟರೆ ಎಲ್ಲವೂ ತಿಳಿಯುತ್ತದೆ. ಮೇಲೆ ಬಿಳಿ ಹೂತಿತೇ, ಸವಳಿದೆ. ಸೀಳಿತೇ, ಎರೆ ಹೆಚ್ಚಾಯಿತು. ಬೆರಳಲ್ಲಿ ಉಜ್ಜಿದರೆ ಉದುರಿತೇ, ಮರಳು ಹೆಚ್ಚಾಯಿತು.

ಮಣ್ಣು ಆಯ್ದ ಮೇಲೆ ಅದಕ್ಕೆ ಸಗಣಿ, ಸಿಕ್ಕರೆ ಕುದುರೆ ಲದ್ದಿ, ಜೊತೆಗೆ ಸಣ್ಣ ಹೊಟ್ಟು ಹಾಕಿ ತುಳಿದು, ಕೆಲವು ದಿನ ಕೊಳೆಯಲು ಬಿಡುತ್ತಾರೆ. ಇದನ್ನು ಬರೀ ಅಂಟಿಗಾಗಿ ಮಾಡುವುದೆಂದು ತಿಳಿಯಬಾರದು. ಹೊಟ್ಟಿನ ಎಳೆಗಳು ಮಣ್ಣು ಕುಗ್ಗುವಾಗ ಅದನ್ನು ಹಿಡಿದಿಡುತ್ತವೆ; ಉರಿ ಹತ್ತಿದ ಮೇಲೆ ತಾವು ಸುಟ್ಟುಹೋಗಿ ಗೋಡೆಯೊಳಗೆ ಸಾವಿರಾರು ಸಣ್ಣ ಟೊಳ್ಳುಗಳನ್ನು ಬಿಡುತ್ತವೆ. ಆ ಟೊಳ್ಳುಗಳೇ ಒಲೆಯನ್ನು ಕಾಯುವುದು. ಒಳಗಿನ ಶಾಖ ಹೊರಮೈಗೆ ಬೇಗ ಹಾಯದಂತೆ ಅವು ತಡೆಯುತ್ತವೆ, ಕಾದ ಮಣ್ಣು ಹಿಗ್ಗಲು ಜಾಗ ಕೊಡುತ್ತವೆ, ಹುಟ್ಟಿದ ಸಣ್ಣ ಸೀಳು ಮುಂದಕ್ಕೆ ಓಡದಂತೆ ನಡುವೆಯೇ ನಿಲ್ಲಿಸುತ್ತವೆ. ಕಟ್ಟುವುದೂ ಒಂದೇ ಉಸಿರಿಗೆ ಆಗುವ ಕೆಲಸವಲ್ಲ. ಒಂದು ಸುತ್ತು ಏರಿಸಿ, ಅದು ಬಿಗಿಯಾಗುವ ತನಕ ಕಾದು, ಮೇಲ್ಮೈ ಗೀರಿ, ನೀರು ಚಿಮುಕಿಸಿ ಮುಂದಿನ ಸುತ್ತು ಕೂಡಿಸಬೇಕು. ನಾಲ್ಕು ಬೆರಳು ದಪ್ಪದ ಗೋಡೆ ಸಾಕು. ಪಾತ್ರೆ ಕೂರುವ ಬಾಯಿಯ ಮೇಲೆ ಮೂರು ಉಬ್ಬುಗಳನ್ನು ಎತ್ತಿ ಬಿಡದಿದ್ದರೆ ಉರಿ, ಹೊಗೆ ಎರಡಕ್ಕೂ ದಾರಿ ಇಲ್ಲದೆ ಕಟ್ಟಿಗೆ ಹಾಕುವ ಬಾಯಿಂದಲೇ ಎದುರು ಕುಳಿತವರ ಮುಖಕ್ಕೆ ಬರುತ್ತವೆ. ಆರಿಸುವುದು ನೆರಳಿನಲ್ಲಿ. ಮೊದಲ ಬೆಂಕಿ ಒಂದು ಹಿಡಿ ಚಿಪಾಟಿಯದ್ದು. ಅವಸರದಲ್ಲಿ ದೊಡ್ಡ ಉರಿ ಹಾಕಿದರೆ ಗೋಡೆಯೊಳಗೆ ಉಳಿದ ತೇವ ಉಗಿಯಾಗಿ ಮಣ್ಣನ್ನು ಒಳಗಿನಿಂದಲೇ ಸಿಡಿಸುತ್ತದೆ.

ಯಾವ ಒಲೆ ಬೇಕು ಎಂಬುದನ್ನು ಉರುವಲು ಹೇಳಬೇಕು, ಕಣ್ಣಲ್ಲ. ತೊಗರಿ ಬೆಳೆಯುವ ಈ ಸೀಮೆಯಲ್ಲಿ ರಾಶಿ ಮುಗಿದ ಮೇಲೆ ತೊಗರಿ ಕಟಗಿ ಹೊರೆಗಟ್ಟಲೆ ಉಳಿಯುತ್ತದೆ. ಹತ್ತಿ ಹಾಕಿದ ಕಡೆ ಹತ್ತಿ ಕಟಗಿ. ಇವು ತೆಳ್ಳಗೆ, ಉದ್ದಕ್ಕೆ, ಭರ್ರನೆ ಉರಿಯುವ ಜಾತಿ. ಇವಕ್ಕೆ ಮುಂದಿನ ಬಾಯಿ ಅಗಲವಾಗಿದ್ದು, ಅದರೆದುರು ಕಟ್ಟಿಗೆ ಒರಗಲು ಚಿಕ್ಕ ಕಟ್ಟೆ ಬೇಕು. ಕುಳ್ಳು ಹಾಗಲ್ಲ, ನಿಧಾನ ಬೇಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಅದಕ್ಕೆ ಆಳದ ಹೊಟ್ಟೆ ಬೇಕು. ರೊಟ್ಟಿಯ ಒಲೆಗೆ ಎರಡೂ ಗುಣ ಇರಬೇಕು. ಹಂಚಿನ ಅಡಿಗೆಲ್ಲ ಸಮನಾಗಿ ಹರಡುವ ಉರಿ ಒಂದು. ನೀರು ಹಚ್ಚಿ ತಿರುವಿ ಹಾಕಿದ ರೊಟ್ಟಿಯನ್ನು ಕೊನೆಗೆ ಒಲೆಯ ಬಾಯಿಗೆ ಒರಗಿಸಿದಾಗ ಅದನ್ನು ಉಬ್ಬಿಸಿ ಕಡಕ್ ಮಾಡುವ ಕೆಂಡದ ಝಳ ಇನ್ನೊಂದು. ಬಾಯಿ ಕಿರಿದಾದ, ನೋಡಲು ಚೆಂದವಾದ ಒಲೆಯಲ್ಲಿ ಈ ಎರಡನೆಯ ಕೆಲಸ ಆಗುವುದೇ ಇಲ್ಲ. ಹಂಡೆಯ ಒಲೆಯ ಲೆಕ್ಕ ಬೇರೆ: ಅಲ್ಲಿ ಯಾರೂ ಮುಂದೆ ಕೂರುವುದಿಲ್ಲ, ಬಾಯಿ ಕಿರಿದಾಗಿದ್ದು ಹಂಡೆಯ ಅರೆಪಾಲು ಗೋಡೆಯೊಳಗೇ ಇಳಿದಿದ್ದರೆ ಕಟ್ಟಿಗೆ ಉಳಿಯುತ್ತದೆ. ಮಗ್ಗುಲಿಗೆ ಕೋಡೊಲೆ ಕೂಡಿಸಿದರೆ ಹಾಯ್ದುಹೋಗುವ ಶಾಖದಲ್ಲಿ ಬೇಳೆಯೋ ಹಾಲೋ ಬೆಚ್ಚಗಿರುತ್ತದೆ. ಬಾಯಿ ಎತ್ತ ಇರಬೇಕೆಂದು ಗಾಳಿಯನ್ನು ಕೇಳಬೇಕು. ಮಳೆಗಾಲದ ಪಡುವಣ ಗಾಳಿ ನೇರ ಬಾಯಿಗೆ ನುಗ್ಗಿದರೆ ಉರಿ ಹಂಚಿನ ಅಡಿ ನಿಲ್ಲದೆ ಆಚೆ ಹಾರುತ್ತದೆ. ಪಶ್ಚಿಮಕ್ಕೊಂದು ಗೋಡೆಯ ಮರೆ ಇರುವ ಜಾಗ ಸಿಕ್ಕರೆ ಅದನ್ನು ಬಿಡಬಾರದು.

ಇಷ್ಟೆಲ್ಲ ಯಾಕೆ, ಸಿಮೆಂಟಿನಲ್ಲಿ ಕಟ್ಟಿಬಿಟ್ಟರೆ ಒಂದೇ ಸಲ ಮುಗಿಯಿತಲ್ಲ ಎಂಬ ಮಾತು ಸಹಜವಾಗಿ ಬರುತ್ತದೆ. ಉತ್ತರ ಹಳೆಯ ಒಲೆಯ ಗೋಡೆಯಲ್ಲೇ ಇದೆ. ವರ್ಷಗಟ್ಟಲೆ ಉರಿದ ಒಲೆಯನ್ನು ಕೆಡವಿದಾಗ ಮುರಿದ ತುಂಡನ್ನು ಅಡ್ಡಡ್ಡ ನೋಡಬೇಕು. ಬೆಂಕಿಗೆ ತಾಗಿದ ಒಳಮೈ ಇಟ್ಟಿಗೆಯ ಕೆಂಪು. ಅದರ ಹಿಂದೆ ಹೊಟ್ಟು, ಸಗಣಿ ಅರೆಬರೆ ಸುಟ್ಟ ಕರಿ ಪದರ. ಹೊರಗೆ ಕೈಯಲ್ಲಿ ಮೆತ್ತಿದ ದಿನದ್ದೇ ಬಣ್ಣದ ಹಸಿ ಮಣ್ಣು. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದ ಮಣ್ಣು ಮತ್ತೆ ನೀರಿಗೆ ಕೆಸರಾಗದು. ಹಾಗಾಗಿ ಒಲೆ ತನ್ನ ಒಳಗನ್ನು ತಾನೇ ಸುಟ್ಟುಕೊಂಡು, ಹೊರಗನ್ನು ರಿಪೇರಿಗೆ ಒಗ್ಗುವಂತೆ ಹಸಿಯಾಗಿಯೇ ಇಟ್ಟುಕೊಳ್ಳುತ್ತದೆ. ಇಂಥ ಅನುಕೂಲ ಸಿಮೆಂಟಿಗಿಲ್ಲ. 400 ಡಿಗ್ರಿ ಮೀರಿದ ಮೇಲೆ ಅದರೊಳಗೆ ನೀರನ್ನು ಹಿಡಿದಿಟ್ಟ ಸುಣ್ಣದ ಅಂಶ ಒಡೆಯುತ್ತದೆ, ತಣ್ಣಗಾಗಿ ತೇವ ಹೀರಿದಾಗ ಮತ್ತೆ ಉಬ್ಬುತ್ತದೆ, ಹೀಗೆ ನಾಲ್ಕಾರು ಸಲ ಆದರೆ ಚೂರು ಚೂರಾಗಿ ಉದುರುತ್ತದೆ. ಅದಕ್ಕೆ ಮೆತ್ತಿದ ತೇಪೆ ಕೂಡಿಕೊಳ್ಳುವುದೂ ಇಲ್ಲ. ತಾಳಿಕೋಟೆ ಕಡೆಯ ಫರಸಿ ಹಾಸಿದ ಅಂಗಳದಲ್ಲಿ ಕಲ್ಲಿನ ಮೇಲೇ ನೇರ ಒಲೆ ಹೂಡುವುದೂ ಬೇಡ. ಅದು ಸುಣ್ಣದ ಕಲ್ಲು, ಕಾದರೆ ಪದರ ಪದರವಾಗಿ ಸಿಡಿಯುತ್ತದೆ. ನಡುವೆ ಮಣ್ಣು, ಮರಳಿನ ದಪ್ಪ ಹಾಸು ಇರಲೇಬೇಕು.

ಪೂರ್ತಿ ಸುಟ್ಟ ಮಣ್ಣಿನ ಒಲೆಗಳ ಕತೆಯೂ ಇದನ್ನೇ ಹೇಳುತ್ತದೆ. ಮೆಕ್ಸಿಕೋದ ಚಿಮಿನಿಯಾ ಎಂಬ ಹೊಟ್ಟೆ ಉಬ್ಬಿದ, ಕೊರಳೇ ಹೊಗೆಗೂಡಾದ ಅಂಗಳದ ಅಗ್ಗಿಷ್ಟಿಕೆ ಈಗ ಜಗತ್ತಿನ ಎಷ್ಟೋ ಹಿತ್ತಿಲುಗಳಲ್ಲಿ ಕಾಣಸಿಗುತ್ತದೆ. ಚಳಿ ಕಾಯಿಸಲು ಅದು ಸೊಗಸಾದ ಸಾಧನ, ಅನುಮಾನವಿಲ್ಲ. ಆದರೆ ಅದನ್ನು ಮಾರುವವರು ಹೇಳುವ ಎಚ್ಚರಿಕೆಗಳನ್ನು ಗಮನಿಸಿ: ತಳಕ್ಕೆ ಮರಳು ತುಂಬಬೇಕು, ಮೊದಲ ಕೆಲವು ಉರಿ ತೀರ ಸಣ್ಣವಿರಬೇಕು, ಮಳೆಗೆ ಬಿಡಬಾರದು, ಬಿಸಿಯಿದ್ದಾಗ ನೀರು ತಾಗಬಾರದು. ಇಷ್ಟು ಜೋಪಾನದ ಮೇಲೂ ಒಮ್ಮೆ ಆಳದ ಬಿರುಕು ಬಿಟ್ಟರೆ ಅದನ್ನು ಮೊದಲಿನಂತೆ ಕೂಡಿಸುವುದು ಬಹಳ ಕಷ್ಟ, ಯಾಕೆಂದರೆ ಸುಟ್ಟ ಮಣ್ಣಿಗೆ ಹಸಿ ಮಣ್ಣು ಹಿಡಿಯುವುದು ಕಡಿಮೆ. ಎಲ್ಲ ಮೈಯೂ ಒಂದೇ ಗಡಸಾಗಿದ್ದರೆ ಬರುವ ತೊಂದರೆ ಇದು. ಕೃಷ್ಣೆಯ ದಂಡೆಯ ಕೊಲ್ಹಾರದ ಗಡಿಗೆ ಮೊಸರು ಗಟ್ಟಿಯಾಗುವುದು ಗಡಿಗೆಯ ಮೈ ನೀರು ಹೀರಿ ಹೊರಗೆ ಬಿಡುವುದರಿಂದ ಎಂಬುದು ಬಾಗೇವಾಡಿ ಕಡೆಯವರಿಗೆ ಗೊತ್ತಿರುವ ವಿಷಯ. ಮಣ್ಣಿನ ಟೊಳ್ಳನ್ನೇ ಗುಣವೆಂದು ಎಂದೋ ಗುರುತಿಸಿದ ನೆಲವಿದು. ಒಲೆಯ ವಿಷಯದಲ್ಲಿ ಮಾತ್ರ ಗಡಸುತನಕ್ಕೆ ಮರುಳಾಗಬೇಕಿಲ್ಲ.

ಇದಕ್ಕಿಂತ ಭಾರವಾದ ಆಕ್ಷೇಪ ಹೊಗೆಯದು, ಅದನ್ನು ಹಗುರವಾಗಿ ದಾಟುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತಿದ್ದಾರೆ. ಆ ಹೊಗೆ ಕುಡಿದವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಆದ್ದರಿಂದ ದಿನದ ಅಡುಗೆಗೆ ಗ್ಯಾಸ್ ಬಂದದ್ದು ಒಳ್ಳೆಯದೇ ಆಯಿತು. ಮಣ್ಣಿನ ಒಲೆಯನ್ನು ಮತ್ತೆ ಕಿಟಕಿಯಿಲ್ಲದ ಅಡುಗೆಮನೆಗೆ ತರಬೇಕೆನ್ನುವವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಹೊಗೆ ಕಡಿಮೆ ಮಾಡುವ ಪ್ರಯತ್ನ ನಮ್ಮಲ್ಲೇ ಆಗಿದೆ. ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ, ಮೂರು ಪಾತ್ರೆ ಕೂರುವ, ಒಳಗೆ ಜಾಲರಿ, ಹಿಂದೆ ಹೊಗೆ ಕೊಳವೆ ಇರುವ ಅಸ್ತ್ರ ಒಲೆಯನ್ನು ರೂಪಿಸಿತು. ಕಟ್ಟಿಗೆ ಉಳಿತಾಯದಲ್ಲೂ ಹೊಗೆ ಹೊರಹಾಕುವುದರಲ್ಲೂ ಅದು ಹಳೆಯ ಒಲೆಯನ್ನು ಬಹಳ ಹಿಂದೆ ಹಾಕಿತ್ತು. 1980ರ ದಶಕದಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿ 2002ರಲ್ಲಿ ನಿಲ್ಲಿಸಿತು. ಆ ಕಾರ್ಯಕ್ರಮದ ಎಷ್ಟೋ ಒಲೆಗಳು ಮೂಲೆ ಸೇರಿದ್ದು ವಿಜ್ಞಾನ ಸೋತು ಅಲ್ಲ. ಕೊಳವೆಯ ಮಸಿ ತೆಗೆಯುವವರಿಲ್ಲದೆ, ಒಳಗಿನ ಅಳತೆ ಸವೆದರೆ ಅದೇ ಅಳತೆಗೆ ಮತ್ತೆ ಕಟ್ಟಿಕೊಡುವವರಿಲ್ಲದೆ ಅವು ಕೆಟ್ಟವು. ಮನೆಯವರ ಕೈಗೆ ರಿಪೇರಿ ಸಿಗದ ಒಲೆ ಎಷ್ಟು ಚೆನ್ನಾಗಿದ್ದರೂ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಅಂಗಳದ ಒಲೆ ಬಯಲಲ್ಲಿರುವುದರಿಂದ ಹೊಗೆಯ ಕೇಡು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಣಗಿದ ಕಟ್ಟಿಗೆಯೇ ಬೇಕು, ಮಕ್ಕಳು ಗಾಳಿಯ ಕೆಳಬದಿಗೆ ಕೂರಬಾರದು, ಪ್ಲಾಸ್ಟಿಕ್ ಚೀಲ ಹಾಕಿ ಉರಿ ಎಬ್ಬಿಸುವ ಚಟವನ್ನು ಇಂದೇ ಬಿಡಬೇಕು.

ಕಬ್ಬಿಣದ ಒಲೆ ಎತ್ತಿಡಲು ಹಗುರ, ಮಳೆಗೆ ಕರಗದು. ಬಾಡಿಗೆ ಮನೆಯವರಿಗೆ ಅದೇ ಸರಿ. ಅದರ ಹೊರಮೈ ಸುಡುತ್ತದೆ, ಉರಿ ಆರಿದೊಡನೆ ತಣ್ಣಗಾಗುತ್ತದೆ ಎಂಬುದಷ್ಟೇ ಕೊರತೆ. ರೊಟ್ಟಿಯ ಕೊನೆಯ ಝಳಕ್ಕೂ ಹಂಡೆಯ ನೀರು ಬೆಳಗಿನ ತನಕ ಬೆಚ್ಚಗಿರುವುದಕ್ಕೂ ಶಾಖ ಹಿಡಿದಿಡುವ ಮಣ್ಣಿನ ಗೋಡೆಯೇ ಆಗಬೇಕು.

ಆರೈಕೆಯ ವಿಷಯದಲ್ಲಿ ನೆನಪಿಡಬೇಕಾದ ಮೊದಲ ಮಾತು: ಉರಿ ಆರಿಸಲು ನೀರು ಸುರಿಯಬಾರದು. ಕೊಳ್ಳಿಗಳನ್ನು ಹೊರಗೆಳೆದು, ಕೆಂಡವನ್ನು ಬೂದಿಯಲ್ಲಿ ಮುಚ್ಚಬೇಕು. ಬೂದಿಯನ್ನು ಮೂಲೆ ಮೂಲೆಗೂ ಬಳಿದು ತೆಗೆಯಬಾರದು. ಎರಡು ಬೆರಳಿನಷ್ಟು ಉಳಿದರೆ ತಳ ಸುಡದೆ ಕಾಯುತ್ತದೆ, ಮಿಕ್ಕದ್ದು ತಿಪ್ಪೆಗೆ ಹೋಗಲಿ. ಹಬ್ಬ ಬಂದಾಗ ಸಗಣಿ, ಕೆಮ್ಮಣ್ಣಿನಿಂದ ಸಾರಿಸುವುದನ್ನು ಮಡಿಯ ಲೆಕ್ಕದಲ್ಲಷ್ಟೇ ನೋಡುವವರಿದ್ದಾರೆ. ಕೂದಲೆಳೆಯಂಥ ಬಿರುಕುಗಳು ದೊಡ್ಡವಾಗುವ ಮೊದಲೇ ಅವನ್ನು ಮುಚ್ಚುವ ಪದ್ಧತಿ ಅದು. ದೊಡ್ಡ ಬಿರುಕಿಗೆ ಬೇರೆ ಕ್ರಮ. ಅದನ್ನು ಮೊದಲು ಚಾಕುವಿನಿಂದ ಅಗಲಿಸಿ, ಮಸಿ ಕೆರೆದು, ಒಳಗೆ ನೀರು ಕುಡಿಸಬೇಕು. ಒಲೆ ಕಟ್ಟಿದ್ದ ಮಣ್ಣನ್ನೇ ಕಲಸಿ ತುಂಬಿ ಹೆಬ್ಬೆರಳಿನಿಂದ ಒತ್ತಬೇಕು. ಒಣ ಬಿರುಕಿಗೆ ಮೆತ್ತಿದ ಮಣ್ಣು ಎರಡನೆಯ ಉರಿಗೇ ಕಳಚುತ್ತದೆ. ಇಲ್ಲಿ ಮಳೆ ಕಡಿಮೆ ಎಂದು ಮೈಮರೆಯಬಾರದು. ಬೀಳುವ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನ ಆಸುಪಾಸಿನಲ್ಲಿ ಒಮ್ಮೆಲೇ ಬೀಳುತ್ತದೆ. ಗೇಣುದ್ದ ಎತ್ತರದ ಕಟ್ಟೆ, ಮೇಲೊಂದು ತಗಡು ಇದ್ದರೆ ಒಲೆ ಉಳಿಯಿತು. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತುವುದು ಬೇಡ, ನೆಲದ ತೇವ ಒಳಗೇ ನಿಂತು ಬುಡ ಮೆತ್ತಗಾಗುತ್ತದೆ.

ಈ ಕಸುಬಿಗೆ ನಮ್ಮ ಕುಶಲಕರ್ಮಿಗಳ ಪಟ್ಟಿಗಳಲ್ಲಿ ತಕ್ಕ ಜಾಗ ಸಿಕ್ಕಿಲ್ಲ ಎಂಬುದು ನಿಜವಾಗಿ ನೋವಿನ ಸಂಗತಿ. ಗಡಿಗೆಗೆ ತಿಗರಿ ಇದೆ, ಅದನ್ನು ತಿರುಗಿಸುವ ಕುಂಬಾರರಿಗೆ ಹೆಸರಿದೆ, ಕುಂಬಾರ ಗುಂಡಯ್ಯನಂಥ ಶರಣರ ಪರಂಪರೆಯಿದೆ. ಒಲೆಯನ್ನು ಬರಿಗೈಯಲ್ಲಿ, ಕಣ್ಣಳತೆಯಲ್ಲಿ ಕಟ್ಟುತ್ತ ಬಂದವರು ಬಹುಮಟ್ಟಿಗೆ ಮನೆಯ ಹೆಂಗಸರು. ಅವರ ಕೆಲಸವನ್ನು ಕಸುಬೆಂದು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಹೊಸದಾಗಿ ಒಲೆ ಬೇಕೆನ್ನುವವರು ಅಂಗಡಿಯ ಅಚ್ಚೊಲೆ ಹುಡುಕುವ ಮೊದಲು ಓಣಿಯ ಹಿರಿಯ ಅವ್ವಂದಿರನ್ನು ಕೇಳಿ, ಅವರ ಕೈಯಿಂದ ಕಟ್ಟಿಸಿ, ದುಡಿಮೆಗೆ ತಕ್ಕ ಕೂಲಿ ಕೊಟ್ಟು, ಮನೆಯ ಹುಡುಗ ಹುಡುಗಿಯರಿಬ್ಬರನ್ನೂ ಮಣ್ಣು ತುಳಿಯಲು ನಿಲ್ಲಿಸುವುದು ಒಳ್ಳೆಯದು. ಕಟ್ಟಲು ಸರಿಯಾದ ಹೊತ್ತು ಮಳೆ ಹಿಂದೆ ಸರಿದ ಮೇಲಿನ ದಿನಗಳು. ಆಗ ಕಟ್ಟಿದ್ದು ಸಾವಕಾಶ ಆರಿ, ಹೊಲದಲ್ಲಿ ಸೀತನಿ ಸುಡುವ ಚಳಿಯ ಹೊತ್ತಿಗೆ ಉರಿಗೆ ಸಿದ್ಧವಾಗಿರುತ್ತದೆ. ಹಳೆಯ ಒಲೆ ಕೆಡವಿದ ಮಣ್ಣನ್ನು ಚೆಲ್ಲಬಾರದು. ಹೊರಗಿನ ಹಸಿ ಮಣ್ಣು ನೀರಲ್ಲಿ ನೆನೆದು ಹೊಸ ಒಲೆಗೆ ಬರುತ್ತದೆ. ಒಳಗಿನ ಕೆಂಪು ಚೂರುಗಳನ್ನು ಕುಟ್ಟಿ ಪುಡಿ ಮಾಡಿ ಅದರಲ್ಲೇ ಕಲಸಿದರೆ, ಒಮ್ಮೆ ಬೆಂದ ಆ ಪುಡಿ ಇನ್ನು ಕುಗ್ಗುವುದಿಲ್ಲವಾದ್ದರಿಂದ, ಎರೆಮಣ್ಣಿನ ಸೀಳು ಬಹಳ ಮಟ್ಟಿಗೆ ನಿಲ್ಲುತ್ತದೆ.