ಹಂಡೆ ಬಂತು, ಸೌಟು ಎಲ್ಲಿ?

ಅಮೆರಿಕದ ರಾಲೀ ನಗರದ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಹಂಟ್ ಲೈಬ್ರರಿ ಬಾಗಿಲು ತೆರೆದಾಗ ಎಲ್ಲರ ಕಣ್ಣು ಬಿದ್ದದ್ದು ಅಲ್ಲಿನ ‘ಬುಕ್‌ಬಾಟ್’ ಮೇಲೆ. 20 ಲಕ್ಷ ಪುಸ್ತಕ ಹಿಡಿಸುವ ಪೆಟ್ಟಿಗೆಗಳ ಸಾಲು. ಬೇಕಾದ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಕೇಳಿದರೆ ಯಂತ್ರವೇ ಹೋಗಿ ಅದಿರುವ ಪೆಟ್ಟಿಗೆ ಎಳೆದು ತರುತ್ತದೆ. ಅದೇ ವಿಶ್ವವಿದ್ಯಾಲಯದ ಲೈಬ್ರರಿಗಳಲ್ಲಿ ಕ್ಯಾಮೆರಾಗಳೂ ಎರವಲು ಸಿಗುತ್ತವೆ. ಆದರೆ ಕ್ಯಾಮೆರಾ ಕೊಟ್ಟು ವಾಪಸು ಪಡೆಯುವ ಕೆಲಸ ರೋಬೋಟಿನ ಕೈಗೆ ಒಗ್ಗುವಂಥದ್ದಲ್ಲ.

ಯಾಕೆಂದರೆ ಪುಸ್ತಕ ಒಂದೇ ವಸ್ತು. ಹೋದ ಹಾಗೇ ಬರುತ್ತದೆ, ಹೆಚ್ಚೆಂದರೆ ಒಂದು ಹಾಳೆಯ ಕಿವಿ ಮಡಚಿರುತ್ತದೆ. ಕ್ಯಾಮೆರಾ ಬ್ಯಾಗಿನ ಕಥೆಯೇ ಬೇರೆ. ಜಿಪ್ ಎಳೆದರೆ ಕ್ಯಾಮೆರಾ, ಲೆನ್ಸ್, ಲೆನ್ಸಿನ ಹಿಂದು ಮುಂದಿನ ಮುಚ್ಚಳ, ಎರಡು ಬ್ಯಾಟರಿ, ಚಾರ್ಜರ್, ಅದರ ವೈರು, ಮೆಮೊರಿ ಕಾರ್ಡು, ಮೈಕು, ಮೈಕಿನ ತಲೆಗೆ ಹಾಕುವ ಸ್ಪಂಜಿನ ಟೋಪಿ. ಕೌಂಟರಿನಲ್ಲಿ ಇವನ್ನೆಲ್ಲ ಒಂದೊಂದಾಗಿ ಹೊರಗಿಟ್ಟು ಪಟ್ಟಿಗೆ ಗುರುತು ಹಾಕುತ್ತಾರೆ. ನಮ್ಮ ಕಡೆ ಮದುವೆಗೆ ಪಾತ್ರೆ ಬಾಡಿಗೆ ಕೊಡುವವರು ಮಾಡುವುದೂ ಇದನ್ನೇ. ಹಂಡೆ, ಕೊಪ್ಪರಿಗೆ ಎಂದೂ ಕಳೆಯುವುದಿಲ್ಲ. ವಾಪಸು ಬರುವಾಗ ಲೆಕ್ಕ ತಪ್ಪುವುದು ಸೌಟು, ಲೋಟಗಳದ್ದು.

ಕ್ಯಾಮೆರಾ ಲೋಕದ ಸೌಟು ಎಂದರೆ ಟ್ರೈಪಾಡಿನ ಪ್ಲೇಟು. ಕ್ಯಾಮೆರಾದ ತಳಕ್ಕೆ ಸ್ಕ್ರೂ ತಿರುಗಿಸಿ ಕೂರಿಸುವ ಚಪ್ಪಟೆ ತುಂಡು ಅದು. ಟ್ರೈಪಾಡಿನ ತಲೆಗೆ ಕ್ಯಾಮೆರಾ ‘ಟಕ್’ ಎಂದು ಕೂರುವುದು ಅದರ ಮೂಲಕವೇ. ಚಿತ್ರೀಕರಣ ಮುಗಿದ ಮೇಲೆ ಟ್ರೈಪಾಡ್ ಒಬ್ಬರ ಕೈಗೆ, ಕ್ಯಾಮೆರಾ ಇನ್ನೊಬ್ಬರ ಬ್ಯಾಗಿಗೆ ಹೋಗುತ್ತದೆ. ಪ್ಲೇಟು ಕ್ಯಾಮೆರಾದ ತಳದಲ್ಲೇ ಉಳಿಯುತ್ತದೆ. ಮುಂದೆ ಆ ಟ್ರೈಪಾಡ್ ಒಯ್ದವರಿಗೆ ಅದು ಮೂರು ಕಾಲಿನ ಕೋಲು, ಅಷ್ಟೇ. ಒಂದು ಕಂಪನಿಯ ಪ್ಲೇಟು ಇನ್ನೊಂದಕ್ಕೆ ಎಷ್ಟೋ ಸಲ ಹೊಂದುವುದೂ ಇಲ್ಲ.

ಇಷ್ಟೆಲ್ಲ ಪಾಡು ಪಟ್ಟುಕೊಂಡು ಲೈಬ್ರರಿ ಈ ಸಾಮಾನು ಯಾಕೆ ಕೊಡಬೇಕು? ಈ ಪ್ರಶ್ನೆಗೆ ಬೆಂಗಳೂರಿನ ನಂಟಿರುವ ಉತ್ತರವೊಂದಿದೆ. 1931ರಲ್ಲಿ ಎಸ್.ಆರ್. ರಂಗನಾಥನ್ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗೆ ಎಂಬುದು ಮೊದಲನೆಯದು. ಇದನ್ನು ಎಲ್ಲ ಕಾಲದಲ್ಲೂ ಒಪ್ಪಿರಲಿಲ್ಲ. ಯುರೋಪಿನಲ್ಲಿ ಒಂದು ಕಾಲಕ್ಕೆ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು; ಇಂಗ್ಲೆಂಡಿನ ಹೆರೆಫರ್ಡ್ ಕೆಥೆಡ್ರಲಿನಲ್ಲಿ ಆ ಸರಪಳಿಗಳು ಇಂದಿಗೂ ಇವೆ. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ರಂಗನಾಥನ್, 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ಅವರ ಸೂತ್ರದಲ್ಲಿ ‘ಪುಸ್ತಕ’ ಇದ್ದ ಜಾಗದಲ್ಲಿ ‘ಕ್ಯಾಮೆರಾ’ ಎಂದಿಟ್ಟು ನೋಡಿ, ಅರ್ಥ ಕೆಡುವುದಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ ಸಾರ್ವಜನಿಕ ಗ್ರಂಥಾಲಯವಂತೂ 1979ರಿಂದಲೇ ಸುತ್ತಿಗೆ, ಗರಗಸ, ಏಣಿಗಳನ್ನು ಎರವಲು ಕೊಡುತ್ತಿದೆ.

ಬಳಕೆಗೆ ಕೊಟ್ಟ ಮೇಲೆ ಕೆಡುವುದೂ ಉಂಟು. ಹೆಚ್ಚು ಪೆಟ್ಟು ತಿನ್ನುವುದು ಲೆನ್ಸು. ಗಾಜಿನ ಮೇಲೆ ಧೂಳು ಕಂಡ ಕೂಡಲೇ ಅಂಗಿಯ ಚುಂಗಿನಿಂದ ಒರೆಸುವುದು ಎಲ್ಲರಿಗೂ ಇರುವ ಚಟ. ಧೂಳಿನಲ್ಲಿ ಮರಳಿನ ಕಣವಿದ್ದರೆ ಹಾಗೆ ಒರೆಸುವುದೂ ಒಂದೇ, ಉಪ್ಪುಕಾಗದದಲ್ಲಿ ಉಜ್ಜುವುದೂ ಒಂದೇ. ಮೊದಲು ರಬ್ಬರಿನ ಬ್ಲೋವರ್ ಒತ್ತಿ ಗಾಳಿ ಹಾಯಿಸಬೇಕು, ಆಮೇಲೆ ಮೈಕ್ರೊಫೈಬರ್ ಬಟ್ಟೆ. ಇನ್ನು ಜೂಮ್ ಮಾಡಿ ಸೂರ್ಯನನ್ನೇ ಹಿಡಿಯುವ ಸಾಹಸ: ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ ಒಳಗಿನ ಸೆನ್ಸರ್ ಸುಡಬಹುದು. 2024ರ ಏಪ್ರಿಲ್ 8ರಂದು ಟೆಕ್ಸಸ್‌ನಿಂದ ಮೇಯ್ನ್‌ವರೆಗೆ ಖಗ್ರಾಸ ಗ್ರಹಣ ಹಾದುಹೋಯಿತಲ್ಲ, ಅಂಥ ದಿನ ಸೋಲಾರ್ ಫಿಲ್ಟರ್ ಇಲ್ಲದೆ ಕ್ಯಾಮೆರಾ ಎತ್ತಬಾರದು.

ಚಳಿಯ ಊರುಗಳಲ್ಲಿ ಇನ್ನೊಂದು ತಾಪತ್ರಯ. ಮಂಡ್ಯದಿಂದಲೋ ಹುಬ್ಬಳ್ಳಿಯಿಂದಲೋ ಅಮೆರಿಕದ ಮಿನೆಸೋಟಕ್ಕೆ ಓದಲು ಹೋದ ಹುಡುಗ ಹಿಮದಲ್ಲಿ ಶೂಟಿಂಗ್ ಮುಗಿಸಿ ನೇರ ಹೀಟರ್ ಹಾಕಿದ ಕೋಣೆಗೆ ಬಂದು ಬ್ಯಾಗು ತೆರೆದರೆ, ತಣ್ಣೀರು ತುಂಬಿದ ಸ್ಟೀಲ್ ಲೋಟ ಬೇಸಿಗೆಯಲ್ಲಿ ಬೆವರುವಂತೆ ಕ್ಯಾಮೆರಾ ಬೆವರುತ್ತದೆ. ಹೊರಗಷ್ಟೇ ಅಲ್ಲ, ಒಳಗೂ. ಬ್ಯಾಗಿನ ಜಿಪ್ ತೆರೆಯದೆ ಒಂದು ಗಂಟೆ ಸುಮ್ಮನೆ ಇಟ್ಟರೆ ಸಾಕು, ಕೋಣೆಯ ಬಿಸಿ ನಿಧಾನವಾಗಿ ಒಳಗಿಳಿಯುತ್ತದೆ. ಚಳಿಗೆ ಲಿಥಿಯಂ ಬ್ಯಾಟರಿಯೂ ಬೇಗ ಸೋಲುತ್ತದೆ. ಅದಕ್ಕೇ ಎರಡನೇ ಬ್ಯಾಟರಿಯ ಜಾಗ ಕೋಟಿನ ಒಳಜೇಬು.

ಮಲೆನಾಡು, ಕರಾವಳಿಯವರಿಗೆ ಬೆವರಿಗಿಂತ ಬೂಷ್ಟು ಪರಿಚಿತ. ಮಳೆಗಾಲದಲ್ಲಿ ಲೆನ್ಸನ್ನು ಬ್ಯಾಗಿನಲ್ಲೇ ಮರೆತರೆ ಗಾಜಿನೊಳಗೆ ಜೇಡನ ಬಲೆಯಂಥ ಬಿಳಿ ಎಳೆಗಳು ಹಬ್ಬುತ್ತವೆ. ಆ ಬೂಷ್ಟು ಗಾಜಿನ ಲೇಪವನ್ನೇ ತಿನ್ನುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಮನೆಮದ್ದು ಬೇಡ, ಅಕ್ಕಿಯ ಹುಡಿ ಲೆನ್ಸಿನ ಸಂದಿಗೆ ಹೊಗುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ಇಷ್ಟು ವಾಸಿ.

ವಸ್ತು ಉಳಿದರೂ ಕೆಲಸ ಹಾಳಾಗುವ ಜಾಗ ಮೆಮೊರಿ ಕಾರ್ಡು. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ 4ಕೆ ವಿಡಿಯೋ ಹಿಡಿದರೆ ಗಂಟೆಗೆ 45 ಗಿಗಾಬೈಟ್ ಬೇಕು. 64 ಗಿಗಾಬೈಟಿನ ಕಾರ್ಡು ಒಂದೂವರೆ ಗಂಟೆ ಕೂಡ ಬಾಳುವುದಿಲ್ಲ. ಕಾರ್ಡಿನ ಮೇಲೆ ‘ವಿ30’ ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯಬಲ್ಲದು ಎಂದರ್ಥ. ಅಗ್ಗದ ನಿಧಾನ ಕಾರ್ಡು ಹಾಕಿದರೆ ನಡುವೆಯೇ ರೆಕಾರ್ಡಿಂಗ್ ನಿಲ್ಲಬಹುದು. ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಿರುವಾಗ ಕಾರ್ಡು ಎಳೆದರೆ ಕಡತ ಅರ್ಧಕ್ಕೇ ಮುರಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಮರೆವು, ವಿಡಿಯೋ ಕಾಪಿ ಮಾಡಿಕೊಳ್ಳದೆ ಕಾರ್ಡು ವಾಪಸು ಕೊಡುವುದು. ಮುಂದಿನವರಿಗೆ ಕೊಡುವ ಮುನ್ನ ಅದನ್ನು ಫಾರ್ಮ್ಯಾಟ್ ಮಾಡುವುದು ರೂಢಿ. ಸೆಮಿಸ್ಟರಿನ ಪ್ರಾಜೆಕ್ಟು ಕೌಂಟರಿನಲ್ಲೇ ಆವಿಯಾಗುತ್ತದೆ.

ಕ್ಯಾಮೆರಾದ ವಾಯಿದೆ ಪುಸ್ತಕದಂತೆ ತಿಂಗಳಲ್ಲ, ಸಾಮಾನ್ಯವಾಗಿ ಕೆಲವೇ ದಿನ. ತಡವಾದರೆ ದಂಡ, ಕಳೆದರೆ ಹೊಸದರ ಬೆಲೆ. ಈ ದಂಡದ ಭಯದಿಂದ ಹುಟ್ಟುವ ಕೆಟ್ಟ ಚಾಳಿಯೊಂದಿದೆ: ಮೈಕಿನ ವೈರು ಅಲ್ಲಾಡಿಸಿದರೆ ಗೊರಗೊರ ಎನ್ನುತ್ತದೆ ಎಂದು ಗೊತ್ತಿದ್ದರೂ ಸುಮ್ಮನೆ ಸುತ್ತಿ ಬ್ಯಾಗಿಗೆ ತುರುಕಿ ಕೊಡುವುದು. ಕೌಂಟರಿನವರ ಕಣ್ಣಿಗೆ ವೈರು ಸರಿಯಾಗಿಯೇ ಇರುತ್ತದೆ. ಮುಂದೆ ಒಯ್ದವರು ಅಜ್ಜಿಯ ಸಂದರ್ಶನ ಎರಡು ತಾಸು ಹಿಡಿದು, ಮನೆಗೆ ಬಂದು ಹೆಡ್‌ಫೋನ್ ಹಾಕಿದಾಗ ಕೇಳುವುದು ಅದೇ ಗೊರಗೊರ. ಬಾಯಿಬಿಟ್ಟು ಹೇಳಿದ್ದರೆ ಆ ವೈರು ಬೇರೆ ಬುಟ್ಟಿಗೆ ಬೀಳುತ್ತಿತ್ತು. ಬಳಸಿ ಸವೆದದ್ದಕ್ಕೂ ಬೀಳಿಸಿ ಒಡೆದದ್ದಕ್ಕೂ ವ್ಯತ್ಯಾಸ ದಿನವೂ ಬ್ಯಾಗು ತೆರೆಯುವವರಿಗೆ ಗೊತ್ತಾಗುತ್ತದೆ.

ವಾಪಸಿನ ಹೊತ್ತಿಗೆ ಮತ್ತೆ ಅದೇ ಪಟ್ಟಿ, ಅದೇ ಎಣಿಕೆ. ಕ್ಯಾಮೆರಾ ಇದೆ, ಚಾರ್ಜರ್ ಇದೆ, ಮುಚ್ಚಳ ಎರಡೂ ಇವೆ. ಕೌಂಟರಿನವರು ಟ್ರೈಪಾಡಿನ ತಲೆಯನ್ನು ಒಮ್ಮೆ ಮುಟ್ಟಿ ನೋಡಿ, ಕ್ಯಾಮೆರಾವನ್ನು ಮಗುಚಿ ಅದರ ತಳ ನೋಡುತ್ತಾರೆ.